ಯಜಮಾನರನ್ನು ಕೇಳದ ಪ್ರಶ್ನೆ

ಅಗ್ರಹಾರದ ಲ್ಯಾಬೊಂದರಲ್ಲಿ ನಾನು ಟೆಕ್ನಿಷಿಯನ್. ಮಾತು ಕಲಿತದ್ದು ಅಜ್ಜಿಯ ಪಕ್ಕ ಕೂತು. ದೊಡ್ಡವರ ಎದುರು ಏನನ್ನು ಆಡಬಾರದು ಎನ್ನುವುದನ್ನೂ ಅಲ್ಲೇ ಕಲಿತೆ. ಅದರ ನೋವು ತಿಂದದ್ದು ಮಾತ್ರ ಇನ್ನೊಬ್ಬ ಹೆಂಗಸು.

ಆಗ ನಮ್ಮ ಡಾಕ್ಟರಮ್ಮ ಮೂರು ಪರೀಕ್ಷೆಗಳನ್ನು ಹೋಲಿಸಿ ನೋಡುತ್ತಿದ್ದರು. ಗಂಡ ಹೆಂಡಿರ ಕೂಡುವಿಕೆಯಿಂದ ಹರಡುವ ಟ್ರೈಕೊಮೊನಾಸ್ ಎಂಬ ಪರಾವಲಂಬಿ ಜೀವಿ ಇದೆಯಲ್ಲ, ಅದು ಗಂಡಸರಲ್ಲಿ ಸುಲಭಕ್ಕೆ ಸಿಕ್ಕುವುದಿಲ್ಲ. ಹಾಗಾಗಿ ಒಂದೇ ಮೂತ್ರವನ್ನು ಮೂರು ಪಾಲು ಮಾಡಿ ಒಂದನ್ನು ಸ್ಲೈಡಿನಲ್ಲಿ ನೋಡುವುದು, ಒಂದನ್ನು ಕಲ್ಚರಿಗೆ ಹಾಕಿ ಜೀವಿ ಬೆಳೆಯುತ್ತದೆಯೇ ಎಂದು ದಿನಗಟ್ಟಲೆ ಕಾಯುವುದು, ಇನ್ನೊಂದನ್ನು ಅದರ ಡಿಎನ್ಎ ಹುಡುಕುವ ಪಿಸಿಆರ್‌ಗೆ ಇಡುವುದು. ಮೂರಕ್ಕೂ ಬೇಕಾದದ್ದು ಬಹಳ ಹೊತ್ತು ತಡೆದುಕೊಂಡ ಮೂತ್ರದ ಮೊದಲ ಧಾರೆ; ಜೀವಿ ಹೆಚ್ಚಾಗಿ ಸಿಕ್ಕುವುದು ಅದರಲ್ಲೇ.

ಹೆಂಡತಿಗೆ ಸೋಂಕು ಕಂಡದ್ದರಿಂದ ವಿದ್ಯಾರಣ್ಯಪುರಂನ ಯಜಮಾನರೊಬ್ಬರನ್ನು ಕರೆಸಿದ್ದರು. ನಮ್ಮ ದೊಡ್ಡಪ್ಪನ ವಯಸ್ಸು, ಅವರದೇ ಮೀಸೆ. ಕೊನೆಯ ಸಲ ಒಂದಕ್ಕೆ ಯಾವಾಗ ಹೋಗಿದ್ದಿರಿ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ. "ತುಂಬ್ಸಿ ಕೊಡಿ ಯಜಮಾನ್ರೇ" ಎಂದು ಬಾಟಲಿ ಕೊಟ್ಟು, ಫಾರಂನಲ್ಲಿ 'ಮೊದಲ ಧಾರೆ' ಎಂಬಲ್ಲಿ ಟಿಕ್ ಹಾಕಿಬಿಟ್ಟೆ.

ಸ್ಲೈಡಿನಲ್ಲಿ ಏನೂ ಕಾಣಲಿಲ್ಲ. ಹಾಗೇ ಬರೆದುಕೊಟ್ಟೆ. ರಿಪೋರ್ಟ್ ಚೆನ್ನಾಗಿದೆಯಲ್ಲ ಎಂದು ಯಜಮಾನರು ಮಾತ್ರೆ ಬೇಡವೆಂದರು. ಕಲ್ಚರಿನಲ್ಲೂ ಏನೂ ಬೆಳೆಯಲಿಲ್ಲ. ಪಿಸಿಆರ್ ಫಲಿತಾಂಶ ಬಂದದ್ದು ತಿಂಗಳ ಮೇಲೆ. ಅಷ್ಟರಲ್ಲಿ, ಮಾತ್ರೆ ನುಂಗಿ ವಾಸಿಯಾಗಿದ್ದ ಹೆಂಡತಿಗೆ ಸೋಂಕು ಮರಳಿತ್ತು.

"ನೋಡಮ್ಮ, ಇವರದ್ದು ಪಿಸಿಆರ್ ಒಂದೇ ಹಿಡಿದಿದೆ. ಮಿಕ್ಕ ಎರಡೂ ಸೋತವು" ಎಂದು ಡಾಕ್ಟರಮ್ಮ ಪಟ್ಟಿಯಲ್ಲಿ ಗುರುತು ಹಾಕಲು ಹೊರಟರು.

"ಆ ಸಾಲು ಬಿಟ್ಬುಡಿ ಮೇಡಂ. ಮೊದಲ ಧಾರೆನಾ ಅಂತ ನಾನು ಅವರನ್ನ ಕೇಳ್ಲೇ ಇಲ್ಲ, ಸುಮ್ನೆ ಟಿಕ್ ಹಾಕ್ದೆ."

ಅವರು ಆ ಸಾಲನ್ನು ಹೊಡೆದುಹಾಕಿದರು. "ಫೋನ್ ನೀನೇ ಮಾಡು" ಎಂದರು.

"ಯಜಮಾನ್ರೇ, ಅವತ್ತು ಇಲ್ಲಿಗೆ ಬರೋ ಮುಂಚೆ ಒಂದಕ್ಕೆ ಹೋಗಿದ್ರಾ?"

"ಹೂಂ ಕಣಮ್ಮ, ಮನೇಲೇ ಹೋಗ್ಬುಟ್ಟು ಬಂದಿದ್ದೆ. ನಿಮ್ ಲ್ಯಾಬಲ್ಲೂ ಮೊದ್ಲು ಒಸಿ ಬುಟ್ಟು ಆಮೇಲೆ ಬಾಟ್ಲಿಗೆ ಹಿಡ್ದೆ. ಹೆಣ್ಮಗಳ ಕೈಗೆ ಕೊಡೋದಲ್ವಾ, ಸುದ್ದವಾಗಿರ್ಲಿ ಅಂತ."

ಮರುದಿನ ಗಂಡ ಹೆಂಡತಿ ಇಬ್ಬರೂ ಬಂದರು. ಆಕೆ ಕೂರುವ ಮೊದಲೇ ಕೇಳಿದರು, "ಇದು ಯಾರಿಂದ ಯಾರಿಗೆ ಬಂತು ಅಂತ ಗೊತ್ತಾಗ್ತದಾ?"

"ಇಲ್ಲಮ್ಮ. ಯಾವ ಪರೀಕ್ಷೆನೂ ಅದನ್ನ ಹೇಳಲ್ಲ. ಅವತ್ತು ನಾನು ಕೊಟ್ಟ ರಿಪೋರ್ಟೂ ಸರಿಯಿಲ್ಲ. ತಪ್ಪು ನಂದು."

"ನಂಗಲ್ಲ, ಅವ್ರಿಗೆ ಹೇಳಿ. ಒಂದ್ ತಿಂಗ್ಳಿಂದ ನಿಮ್ಮ ಕಾಗದ ಮುಂದೆ ಹಿಡ್ದು ನನ್ನ ಏನೇನೋ ಅಂದವ್ರೆ."

ಅವರ ಕಡೆ ತಿರುಗಿ ಇನ್ನೊಮ್ಮೆ ಹೇಳಿದೆ. ಅವರು ತಲೆ ತಗ್ಗಿಸಿ ಮಾತ್ರೆಯ ಚೀಟಿ ತೆಗೆದುಕೊಂಡರು.

"ನಿಮ್ಮ ಮೇಲೆ ಕೋಪ ಇಲ್ಲ, ಬುಡಿ" ಎಂದರು ಆಕೆ ಹೊರಡುತ್ತ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಗಂಡನ ಕಡೆಗಂತೂ ನೋಡಲಿಲ್ಲ. ಆಟೋದಲ್ಲಿ ಇಬ್ಬರೂ ಒಂದೊಂದು ಅಂಚಿಗೆ ಕೂತು ಹೋದರು.