ಮುಖ ನಾಲ್ಕನೆಯ ವರ್ಷಕ್ಕೆ

ಕಸಬಾ ಲಿಂಗಸುಗೂರಿನ ಜಂಬಮ್ಮನ ಮನೆಯಲ್ಲಿ ಮಗನ ಒಂದೇ ಒಂದು ಫೋಟೊ ಇರಲಿಲ್ಲ. ಇದ್ದಿದ್ದರೆ ಅವಳ ಸೊಸೆ ಕಸ್ತೂರೆಮ್ಮ ಚಿತ್ರ ಕಲಿಯುವ ಪ್ರಸಂಗವೇ ಬರುತ್ತಿರಲಿಲ್ಲ.

ಮಗ ಆದೆಪ್ಪ ೧೯೪೮ರ ಸಂಕ್ರಮಣ ಮುಗಿದ ವಾರ ಮನೆ ಬಿಟ್ಟಿದ್ದ. ನಿಜಾಮನ ವಿರುದ್ಧ ಹೋರಾಡುವವರ ಶಿಬಿರ ಗಡಿಯಾಚೆ ಇತ್ತು, ಅಲ್ಲಿಗೆ ಹೋಗುತ್ತೇನೆಂದು ತಾಯಿಗಷ್ಟೇ ಹೇಳಿದ್ದ. ಮದುವೆಯಾಗಿ ಏಳು ತಿಂಗಳಾಗಿತ್ತು. ಕಸ್ತೂರೆಮ್ಮ ಮಸ್ಕಿಯ ಹಂಪಣ್ಣನ ಮಗಳು, ಆಗ ಹತ್ತೊಂಬತ್ತರ ಹೆಣ್ಣು. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಿಜಾಮನ ಆಳ್ವಿಕೆ ಮುಗಿಯಿತು. ಶಿಬಿರಕ್ಕೆ ಹೋದವರು ಒಬ್ಬೊಬ್ಬರಾಗಿ ಹಾರ ಹಾಕಿಸಿಕೊಂಡು ಊರಿಗೆ ಬಂದರು. ಆದೆಪ್ಪ ಬರಲಿಲ್ಲ. ಅವನನ್ನು ಗದಗಿನ ಸ್ಟೇಷನ್ನಿನಲ್ಲಿ ಕಂಡೆನೆಂದು ಒಬ್ಬ ಹೇಳಿದ, ಜ್ವರದಲ್ಲಿ ಹೋದನೆಂದು ಇನ್ನೊಬ್ಬ. ಹೆಣ ಕಂಡವರು ಯಾರೂ ಇರಲಿಲ್ಲ.

ಸತ್ತಿದ್ದಾನೆಂದು ಖಾತ್ರಿಯಾಗಿದ್ದರೆ ಅವರ ಜನದಲ್ಲಿ ಉಡಿಕೆಯ ದಾರಿ ಇತ್ತು, ವಿಧವೆ ಮತ್ತೆ ಮದುವೆಯಾಗಬಹುದಿತ್ತು. ಬದುಕಿದ್ದಾನೆಂದಾದರೆ ಸಂಸಾರ. ಕಸ್ತೂರೆಮ್ಮನಿಗೆ ಎರಡೂ ಇರಲಿಲ್ಲ. ಮಗ ಯಾವ ದಿನ, ಯಾವ ಹೊತ್ತಿನಲ್ಲಿ ಬರುತ್ತಾನೋ, ಬಂದಾಗ ಹೆಂಡತಿ ಮನೆಯಲ್ಲಿರಬೇಕು ಎಂದು ಜಂಬಮ್ಮ ಅವಳನ್ನು ಮಸ್ಕಿಗೆ ಹಬ್ಬಕ್ಕೂ ಕಳಿಸಲಿಲ್ಲ. ತಂಗಿಯ ಮದುವೆಗೆ ಅಪ್ಪ ಗಾಡಿ ಕಟ್ಟಿಕೊಂಡು ಬಂದು, ಊಟ ಮಾಡಿ, ಬರಿಗಾಡಿಯಲ್ಲಿ ತಿರುಗಿ ಹೋದ.

ಎರಡು ವರ್ಷವಾದ ಮೇಲೆ ಜಂಬಮ್ಮನಿಗೆ ಬೇರೊಂದು ಚಿಂತೆ ಹತ್ತಿತು. ಮಗನ ಮುಖ ಮೊದಲಿನ ಹಾಗೆ ಕಣ್ಣಿಗೆ ಕಟ್ಟುತ್ತಿರಲಿಲ್ಲ. ಊರ ಪಕ್ಕದ ಹಳೆಯ ದಂಡಿನ ಛಾವಣಿಯ ಮಿಷನ್ ಶಾಲೆಯಲ್ಲಿ ಜಿಲಾನಿಸಾಬ್ ಎಂಬ ಡ್ರಾಯಿಂಗ್ ಮಾಸ್ತರರಿದ್ದರು. ನಿಜಾಮನ ಸರ್ಕಾರದಲ್ಲಿ ನಕಾಶೆ ಬರೆಯುತ್ತಿದ್ದವರು, ಆ ಕೆಲಸ ಹೋದ ಮೇಲೆ ಶಾಲೆ ನಡೆಸುತ್ತಿದ್ದ ಬಿಳಿಯ ದೊರೆಸಾನಿ ಕರೆದು ಇಟ್ಟುಕೊಂಡಿದ್ದಳು. ಜಂಬಮ್ಮ ಅವರ ಬಳಿ ಹೋಗಿ ಮಗನ ಚಿತ್ರ ತೆಗೆದುಕೊಡಬೇಕೆಂದು ಕೇಳಿದಳು. ನೋಡದವನ ಮುಖ ತಾನು ಹೇಗೆ ತೆಗೆಯಲಿ, ನೋಡಿದವರೇ ತೆಗೆಯಬೇಕು, ಸೊಸೆ ನೋಡಿದ್ದಾಳಲ್ಲ, ಕಳಿಸಿದರೆ ಕಲಿಸುತ್ತೇನೆ ಎಂದರು ಜಿಲಾನಿಸಾಬ್. ಆದರೆ ನಾಲ್ಕು ವರ್ಷ ಬೇಕು. ಮುಖ ನಾಲ್ಕನೆಯ ವರ್ಷಕ್ಕೆ.

ಹೀಗೆ ೧೯೫೦ರ ಜೂನಿನಲ್ಲಿ ಕಸ್ತೂರೆಮ್ಮ ಮಿಷನ್ ಶಾಲೆಗೆ ಹೋಗತೊಡಗಿದಳು. ಬೆಳಿಗ್ಗೆ ಸಣ್ಣ ಹುಡುಗಿಯರಿಗೆ ಹೊಲಿಗೆ ಕಲಿಸುವುದು, ಮಧ್ಯಾಹ್ನ ಡ್ರಾಯಿಂಗ್ ಕ್ಲಾಸಿನಲ್ಲಿ ಹಿಂದಿನ ಬೆಂಚಿಗೆ ಕೂರುವುದು ಎಂದು ದೊರೆಸಾನಿ ಒಪ್ಪಿದಳು. ಪ್ರಾರ್ಥನೆಗೆ ಕೂರಬಾರದು, ಅಲ್ಲಿನ ನೀರು ಕುಡಿಯಬಾರದು, ದೀಪ ಹಚ್ಚುವ ಮುಂಚೆ ಮನೆ ಸೇರಬೇಕು. ಇವು ಜಂಬಮ್ಮನ ಕರಾರು.

ಮೊದಲ ವರ್ಷ ಬರೀ ಗೆರೆ. ಎರಡು ಚುಕ್ಕೆ ಇಟ್ಟು, ಪಟ್ಟಿಯಿಲ್ಲದೆ, ಕೈ ಎತ್ತದೆ ಒಂದರಿಂದ ಇನ್ನೊಂದಕ್ಕೆ ಎಳೆಯಬೇಕು. ಇವತ್ತು ಏನು ಕಲಿತೆ ಎಂದು ಅತ್ತೆ ಪ್ರತಿ ಸಂಜೆ ಕೇಳುವಳು. ಗೆರೆ ಎಂದು ಸೊಸೆ ಹೇಳುವಳು. ಆರು ತಿಂಗಳು ಇದನ್ನೇ ಕೇಳಿ ರೇಗಿ ಜಂಬಮ್ಮ ಶಾಲೆಗೇ ಹೋದಳು. ಕಣ್ಣು ಮೂಗು ಮೊದಲು ಕಲಿಸಲು ಏನು ಅಡ್ಡಿ ಎಂದು ಕೇಳಿದಳು.

"ಕಣ್ಣು ಅಂದ್ರ ಗೆರೀನೂ ಹೌದವ್ವಾ, ದುಂಡನೂ ಹೌದು, ನೆರಳೂ ಹೌದು, ಬಣ್ಣಾನೂ ಹೌದು," ಎಂದರು ಜಿಲಾನಿಸಾಬ್. "ಮೂರು ವರ್ಷ ಜಿಗದು ಕಣ್ಣಿಗೆ ಹೆಂಗ ಹೋಗಬೇಕು?"

ಎರಡನೆಯ ವರ್ಷ ತಂಬಿಗೆ, ಕೊಡ, ಕುಂಬಳಕಾಯಿಗಳನ್ನು ಕಿಟಕಿಯ ಬಿಸಿಲಿಗೆ ಇಟ್ಟು ನೆರಳು ತುಂಬುವುದು. ಇದರಲ್ಲಿ ಕಸ್ತೂರೆಮ್ಮನ ಕೈ ಎಲ್ಲರಿಗಿಂತ ಮುಂದೆ ಹೋಯಿತು. ಅವಳು ತೆಗೆದ ಹಿತ್ತಾಳೆ ತಂಬಿಗೆಯನ್ನು ದೊರೆಸಾನಿ ಆಫೀಸಿನ ಗೋಡೆಗೆ ತೂಗು ಹಾಕಿಸಿದಳು. ಮೂರನೆಯ ವರ್ಷ ಬಣ್ಣ. ಎಷ್ಟೋ ದಿನಗಳ ಮೇಲೆ ಏನನ್ನೋ ಇಷ್ಟಪಟ್ಟು ಮಾಡುತ್ತಿದ್ದೇನೆ ಎಂದು ಅವಳಿಗೆ ಅನಿಸಿದ್ದು ಆಗಲೇ. ಅದೇ ವರ್ಷ ಅವಳಿಗೆ ಭಯವೂ ಹುಟ್ಟಿತು.

ಒಂದು ಮಧ್ಯಾಹ್ನ ಕ್ಲಾಸು ಮುಗಿದ ಮೇಲೆ ಹಾಳೆಯ ಹಿಂಬದಿಗೆ ಗಂಡನ ಮುಖ ತೆಗೆಯಲು ಕೂತಳು. ಮುಖದ ಸುತ್ತಿನ ಗೆರೆ ಬಂತು. ಒಳಗೆ ಏನೂ ಬರಲಿಲ್ಲ. ಮದುವೆಯಾದ ದಿನದಿಂದ ಅವಳು ಹಗಲು ತಲೆ ಎತ್ತಿ ಅವನನ್ನು ನೋಡಿರಲಿಲ್ಲ, ರಾತ್ರಿ ಕೋಣೆಯಲ್ಲಿ ದೀಪವಿರುತ್ತಿರಲಿಲ್ಲ. ಉಣಬಡಿಸುವಾಗ ಅವನ ಕೈ ಕಂಡಿತ್ತು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಪಾದ ಕಂಡಿತ್ತು. ಆ ಪಾದವನ್ನು ಬೆರಳು ಬೆರಳಾಗಿ ತೆಗೆಯಬಲ್ಲಳು. ಮುಖ ಎಲ್ಲಿಂದ ತರಬೇಕು? ಮುಂದಿನ ವರ್ಷ ಬಂದರೆ ಅತ್ತೆ ಮುಖ ಕೇಳುತ್ತಾಳೆ.

ವಾರ್ಷಿಕ ಪರೀಕ್ಷೆಯ ದಿನ ಅವಳು ಬೇಕೆಂದೇ ಹಾಳೆಯನ್ನು ನೀರಿನಲ್ಲಿ ತೋಯಿಸಿ, ಬಣ್ಣವೆಲ್ಲ ಕಲಸಿ ಕೊಟ್ಟಳು. ಜಿಲಾನಿಸಾಬ್ ಹಾಳೆ ನೋಡಿದರು, ಅವಳನ್ನೂ ನೋಡಿದರು. "ಕೈ ತಪ್ಪಿಲ್ಲ ಬೇಟಿ, ನೀನ ತಪ್ಪಿಸೀದಿ," ಎಂದರು. ಯಾಕೆ ಎಂದು ಕೇಳಲಿಲ್ಲ. ಮೂರನೆಯ ವರ್ಷಕ್ಕೇ ಮತ್ತೆ ಕೂರಿಸಿದರು.

ಆ ವರ್ಷವೇ ಹಂಪಣ್ಣ ಸಿಂಧನೂರಿನ ಒಂದು ಸಂಬಂಧದ ಸುದ್ದಿ ತಂದ. ಹೆಂಡತಿ ತೀರಿಕೊಂಡ ಕಿರಾಣಿ ವ್ಯಾಪಾರಿ, ಉಡಿಕೆಗೆ ಒಪ್ಪಿದ್ದ. ಜಂಬಮ್ಮ ಬೀಗನಿಗೆ ಬೆಲ್ಲ ನೀರು ಕೊಟ್ಟು, ತನ್ನ ಮಗ ಸತ್ತಿದ್ದನ್ನು ನೋಡಿದವನನ್ನು ಜೊತೆಗೆ ಕರೆದುಕೊಂಡು ಬರುವಂತೆ ಹೇಳಿದಳು. ಬಾಗಿಲ ಹಿಂದೆ ನಿಂತಿದ್ದ ಕಸ್ತೂರೆಮ್ಮನನ್ನು ಯಾರೂ ಏನೂ ಕೇಳಲಿಲ್ಲ. ಆ ಮನುಷ್ಯ ನಾಲ್ಕು ತಿಂಗಳು ಕಾದು ಬೇರೆ ಮದುವೆ ಮಾಡಿಕೊಂಡ.

ಎರಡನೆಯ ಸಲ ಹಾಳೆ ಕೆಡಿಸಲು ಅವಳಿಗೆ ಧೈರ್ಯವಾಗಲಿಲ್ಲ. ೧೯೫೪ರಲ್ಲಿ ನಾಲ್ಕನೆಯ ವರ್ಷ ಶುರುವಾಯಿತು. ಕಿವಿ, ಮೂಗು, ಕಣ್ಣು, ಕೈ ಒಂದೊಂದಾಗಿ ಬಂದವು. ಯುಗಾದಿಗೆ ಮುಂಚೆ ಪರೀಕ್ಷೆಗೆಂದು ಎದುರಿಗೆ ಕೂತ ಒಬ್ಬರ ಮುಖ ತೆಗೆದು ಕೊಡಬೇಕಿತ್ತು. ಜಂಬಮ್ಮನಿಗೆ ಅದು ತಿಳಿಯಿತು. ಹೊಸ ಹಾಳೆ ತರಿಸಿ ಅಂಗಳದಲ್ಲಿ ಚಾಪೆ ಹಾಸಿದಳು. ಹಣೆ ಅಗಲ, ಎಡಹುಬ್ಬಿನ ಮೇಲೆ ಗಾಯದ ಕಲೆ, ಮೀಸೆ ತೆಳ್ಳಗೆ ಎಂದು ಹೇಳುತ್ತ ಹೋದಳು. ಸೊಸೆ ಹೇಳಿದ್ದನ್ನೆಲ್ಲ ತೆಗೆದಳು. ಮೂರು ದಿನದಲ್ಲಿ ಹನ್ನೊಂದು ಮುಖವಾದವು. ಪ್ರತಿಯೊಂದನ್ನೂ ನೋಡಿ ಜಂಬಮ್ಮ ಇವನಲ್ಲ ಎಂದಳು. ಕೊನೆಗೆ, ಗಂಡನನ್ನು ನೆನಪು ಮಾಡಿಕೊಂಡು ತೆಗೆಯಲು ಏನು ಧಾಡಿ ಎಂದು ಬೈದಳು.

ಕಸ್ತೂರೆಮ್ಮ ಪೆನ್ಸಿಲ್ ಕೆಳಗಿಟ್ಟಳು. "ನಾ ಅವರ ಮುಖಾನ ನೋಡಿಲ್ರಿ ಅತ್ತಿ."

"ಏಳು ತಿಂಗಳು ಸಂಸಾರ ಮಾಡೀದಿ."

"ತೆಲಿ ತಗ್ಗಿಸಿ ಇರು ಅಂತ ನೀವ ಹೇಳಿದ್ರಿ. ತಗ್ಗಿಸಿ ಇದ್ದೆ."

ಜಂಬಮ್ಮ ಎದ್ದು ಒಳಗೆ ಹೋದಳು. ಎರಡು ದಿನ ಸರಿಯಾಗಿ ಉಣ್ಣಲಿಲ್ಲ. ಮಗನನ್ನು ನೆನಪಿನಲ್ಲಿ ಇಟ್ಟುಕೊಂಡ ಇನ್ನೊಂದು ಜೀವ ಈ ಮನೆಯಲ್ಲಿದೆ ಎಂದು ಅವಳು ಏಳು ವರ್ಷ ನಂಬಿದ್ದಳು. ಈಗ ತಾನೊಬ್ಬಳೇ ಎಂದು ಗೊತ್ತಾಗಿತ್ತು. ಯಾರಿಗಾಗಿ ಸೊಸೆಯನ್ನು ಕಟ್ಟಿ ಹಾಕಿದೆ ಎಂಬುದನ್ನೂ ಆ ಎರಡು ದಿನ ಅವಳು ಯೋಚಿಸಿರಬೇಕು. ಮೂರನೆಯ ಬೆಳಿಗ್ಗೆ ಮೈ ತೊಳೆದು ವಿಭೂತಿ ಹಚ್ಚಿ ಬಂದು ಚಾಪೆಯ ಮೇಲೆ ಕೂತಳು.

"ಅವ ನನ್ನ ಹೋಲ್ತಿದ್ದ," ಎಂದಳು. "ನನ್ನ ನೋಡಿ ತೆಗಿ."

ಕಸ್ತೂರೆಮ್ಮ ಅತ್ತೆಯ ಮುಖವನ್ನೂ ಅಲ್ಲಿಯವರೆಗೆ ನೆಟ್ಟಗೆ ನೋಡಿರಲಿಲ್ಲ. ಆ ದಿನ ಮಧ್ಯಾಹ್ನದ ತನಕ ನೋಡಿದಳು. ಗದರುವ ಬಾಯಿಯ ಎರಡೂ ಕಡೆ ಅಳು ತಡೆದು ಬಿದ್ದ ಗೆರೆಗಳಿದ್ದವು. ಎಡಗಣ್ಣು ಬಲಗಣ್ಣಿಗಿಂತ ಕಿರಿದಾಗಿತ್ತು. ಮುಗಿದ ಮೇಲೆ ಹಾಳೆಯನ್ನು ಅತ್ತೆಯ ಕೈಗೆ ಕೊಟ್ಟಳು. ಜಂಬಮ್ಮ ಬಹಳ ಹೊತ್ತು ನೋಡಿದಳು. ಇದು ತಾನೇ, ಇದರಲ್ಲಿ ಅವನಿಲ್ಲ ಎಂದಳು. ಹರಿಯಲಿಲ್ಲ, ಬೈಯಲೂ ಇಲ್ಲ. ಆ ಹಾಳೆಯೇ ಪರೀಕ್ಷೆಗೆ ಹೋಯಿತು. ಮೊದಲ ದರ್ಜೆ ಬಂತು.

ಮರುವರ್ಷ, ಸಿಂಧನೂರಿನ ಹೆಣ್ಣುಮಕ್ಕಳ ಶಾಲೆಗೆ ಡ್ರಾಯಿಂಗ್ ಕಲಿಸುವವರು ಬೇಕಾಗಿದ್ದಾರೆಂದು ತಿಳಿದು ಜಿಲಾನಿಸಾಬ್ ಅರ್ಜಿ ತುಂಬಿಸಿದರು. ಮದುವೆಯಾದವಳಾದರೆ ಗಂಡನ ಒಪ್ಪಿಗೆ, ವಿಧವೆಯಾದರೆ ಮರಣದ ದಾಖಲೆ ಲಗತ್ತಿಸಬೇಕೆಂದು ಅದರಲ್ಲಿತ್ತು. ಕಸ್ತೂರೆಮ್ಮ ಅರ್ಜಿಯನ್ನು ಮಡಿಚಿ ತಂದು ಹೊಲಿಗೆ ಡಬ್ಬಿಯ ತಳಕ್ಕೆ ಹಾಕಿದಳು. ಹದಿನೈದು ದಿನದ ಮೇಲೆ ಸೂಜಿ ಹುಡುಕುವಾಗ ಅದು ಜಂಬಮ್ಮನ ಕೈಗೆ ಸಿಕ್ಕಿತು. ಓದು ಬರದವಳು, ಸೊಸೆಯಿಂದಲೇ ಓದಿಸಿಕೊಂಡಳು.

ಮರುದಿನ ಇಬ್ಬರೂ ತಹಸೀಲಿಗೆ ನಡೆದು ಹೋದರು. ಗುಮಾಸ್ತೆ ಇಳಿವಯಸ್ಸಿನವನು, ಊರಿನವನೇ. ಏಳು ವರ್ಷ ಸುದ್ದಿಯಿಲ್ಲದವನು ಸತ್ತನೆಂದು ಲೆಕ್ಕ, ಹತ್ತಿರದವರು ಹೇಳಿಕೆ ಕೊಟ್ಟರೆ ಕಾಗದ ಆಗುತ್ತದೆ ಎಂದ. ಆಮೇಲೆ ಪೆನ್ನು ಹಿಡಿದು ತಡೆದ.

"ಸತ್ತಾನ ಅಂತ ಬರೀಲೇನವ್ವಾ?"

ಹೊರಗೆ ಯಾರದೋ ಎತ್ತು ಕೊರಳ ಗಂಟೆ ಅಲ್ಲಾಡಿಸುತ್ತಿತ್ತು.

"ಬರಿ," ಎಂದು ಜಂಬಮ್ಮ ಹೆಬ್ಬೆರಳು ಮುಂದೆ ಮಾಡಿದಳು.

ಸುದ್ದಿ ತಿಳಿದು ದಾಯಾದಿಗಳ ಹೆಂಗಸರು ಅಳಲು ಬಂದರು. ಸೊಸೆಯ ಬಳೆ ತೆಗೆಸಬೇಕೆಂದರು. ಸತ್ತದ್ದು ಸರ್ಕಾರದ ಕಾಗದದಲ್ಲಿ, ನನ್ನ ಮನೆಯಲ್ಲಿ ಅಲ್ಲ ಎಂದು ಜಂಬಮ್ಮ ಅವರನ್ನು ಹೊಸ್ತಿಲಿಂದಲೇ ಕಳಿಸಿದಳು.

೧೯೫೬ರ ಜೂನಿನಲ್ಲಿ ಕಸ್ತೂರೆಮ್ಮ ಸಿಂಧನೂರಿನ ಬಸ್ಸು ಹತ್ತಿದಳು. ದಾರಿಯಲ್ಲಿ ಮಸ್ಕಿಯಲ್ಲಿ ಹಂಪಣ್ಣ ರೊಟ್ಟಿಯ ಗಂಟು ಹಿಡಿದು ನಿಂತಿದ್ದ. ಎಂಟು ವರ್ಷದ ಮೇಲೆ ಅವಳು ತವರೂರಿನ ನೆಲ ಮೆಟ್ಟಿದ್ದು ಬಸ್ಸು ನಿಂತ ಐದು ನಿಮಿಷ. ಸಿಂಧನೂರಿನಲ್ಲಿ ಅವಳ ಕೋಣೆ ದೂರದ ನೆಂಟರ ಮನೆಯ ಹಿಂಭಾಗದಲ್ಲಿತ್ತು. ಬಜಾರಿಗೆ ಒಬ್ಬಳೇ ಹೋಗಬಾರದು, ಗಂಡಸರು ಹುಡುಕಿಕೊಂಡು ಬರಬಾರದು ಎಂದು ಮನೆಯ ಹಿರಿಯ ಮೊದಲ ದಿನವೇ ಹೇಳಿದ. ಅವಳು ಆಗಲಿ ಎಂದಳು.

ಶಾಲೆಯಲ್ಲಿ ಬಣ್ಣ ಇರಲಿಲ್ಲ, ಹಾಳೆಯೂ ಕಡಿಮೆ. ಮೊದಲ ವರ್ಷ ಗೆರೆಯಷ್ಟೇ ಕಲಿಸಬೇಕೆಂದು ಮುಖ್ಯೋಪಾಧ್ಯಾಯಿನಿಯ ಆಜ್ಞೆ. ಕಸ್ತೂರೆಮ್ಮ ವಾರವೆಲ್ಲ ಗೆರೆ ಕಲಿಸಿದಳು. ಶನಿವಾರದ ಕೊನೆಯ ಪೀರಿಯಡ್ಡಿಗೆ ಮಾತ್ರ ಬಾಗಿಲು ಮುಚ್ಚಿ, ಹುಡುಗಿಯರನ್ನು ಇಬ್ಬಿಬ್ಬರಾಗಿ ಎದುರುಬದುರು ಕೂರಿಸಿದಳು. ಕೈಗೆ ಪೆನ್ಸಿಲ್ ಕೊಡಲಿಲ್ಲ. ಗಂಟೆ ಬಾರಿಸುವ ತನಕ ಒಬ್ಬರ ಮುಖ ಒಬ್ಬರು ನೋಡುತ್ತಿರಿ ಎಂದಳು. ಹುಡುಗಿಯರು ಮೊದಲು ನಾಚಿ ನಕ್ಕರು, ಆಮೇಲೆ ನೋಡತೊಡಗಿದರು.