ಕೆಂಪು ಕಾಗದದ ನವಿಲು

ಒಂಟಿಕೊಪ್ಪಲಿನ ಚಿಕ್ಕಮಾದಮ್ಮ ಮೂವತ್ತು ವರ್ಷ ರವಿಕೆ ಹೊಲಿದವರು. ಲಕ್ವ ಹೊಡೆದು ಬಲಗೈ ಸೋತ ಮೇಲೆ ಕತ್ತರಿ ಮುಟ್ಟಿರಲಿಲ್ಲ. ಯೋಗ ಕಲಿಯಲು ಚೀನಾದಿಂದ ಬಂದು ಅವರ ಮಹಡಿಯಲ್ಲಿ ಬಾಡಿಗೆಗಿದ್ದ ಲಿಹುವಾ, ತಮ್ಮ ಹೊಸವರ್ಷದ ಹಬ್ಬಕ್ಕೆ ಕಿಟಕಿಗೆ ಅಂಟಿಸಲು ಕೆಂಪು ಕಾಗದದಲ್ಲಿ ಹೂ ಕತ್ತರಿಸುತ್ತಿದ್ದಳು. ಕಲಿತಷ್ಟು ಕನ್ನಡದಲ್ಲೇ, "ನೀವೂ ಮಾಡಿ ಅಮ್ಮ" ಎಂದಳು.

"ಕೈ ನಡುಗ್ತದೆ ಕಣಮ್ಮ."

"ಕತ್ತರಿ ಅಲ್ಲ, ಕಾಗದ ತಿರುಗಿಸಿ. ನಿಧಾನ."

ಚಿಕ್ಕಮಾದಮ್ಮ ದಿನಾ ಬೆಳಿಗ್ಗೆ ಕೂತರು. ಹಾಳೆಗಳೆಲ್ಲ ಹರಿದವು, ಒಮ್ಮೆ ಅತ್ತೂಬಿಟ್ಟರು. ಏಳನೇ ತಿಂಗಳಿಗೆ ಒಂದೇ ಹಾಳೆಯಲ್ಲಿ, ಎಲ್ಲೂ ತುಂಡಾಗದೆ, ಗರಿಬಿಚ್ಚಿದ ನವಿಲು ಮೂಡಿತು. ಲಿಹುವಾ ಚಪ್ಪಾಳೆ ತಟ್ಟಿ ಅದನ್ನು ಬೀದಿ ಕಿಟಕಿಗೆ ಅಂಟಿಸಿದಳು.

ಸಂಜೆ ನೆರೆಯವರು ಬೆರಗಾಗಿ ನಿಂತರು. "ಯಾರು ಕತ್ತರಿಸಿದ್ದು ಇದ್ನ?"

"ನಾನೇ ಕಣ್ರೀ, ಈ ಕೈಯಲ್ಲೇ!" ಎಂದು ಚಿಕ್ಕಮಾದಮ್ಮ ಬಲಗೈ ಎತ್ತಿ ತೋರಿಸಿದರು.