ಹಿಂದಿನ ಗಾಲಿಯ ಡ್ರಮ್ಮಕ್ಕ

ಬೆಳಕಿನ್ನೂ ಸರಿಯಾಗಿ ಹರಿದಿಲ್ಲ. ರೇಸ್ ಟ್ರ್ಯಾಕಿನ ಪಕ್ಕದ ತಗಡಿನ ಶೆಡ್ಡುಗಳಲ್ಲಿ ಹೆಚ್ಚಿನವು ಬಾಗಿಲು ತೆರೆದಿಲ್ಲ. ಕೊನೆಯದರಲ್ಲಿ ಮಾತ್ರ ಪುಟ್ಟದೊಂದು ಹಳದಿ ಕಾರು ಹಿಂಭಾಗ ಎತ್ತಿಕೊಂಡು ಸ್ಟ್ಯಾಂಡಿನ ಮೇಲೆ ನಿಂತಿದೆ. ಅದರ ಹಿಂದಿನ ಗಾಲಿಯ ಜಾಗದಲ್ಲಿ ಮೂಗು ತೂರಿಸಿಕೊಂಡಂತೆ ಕೂತಿರುವ ಹೆಂಗಸು ಬ್ರೇಕಿನ ಡ್ರಮ್ಮನ್ನು ಎರಡೂ ಕೈಯಿಂದ ಅಲ್ಲಾಡಿಸಿ ಕಳಚುತ್ತಾರೆ. ಒಳಗಿನ ಕಪ್ಪು ಧೂಳಿನ ಮೇಲೆ ಸೋಪಿನ ನೀರು ಚಿಮುಕಿಸುತ್ತಾರೆ. ಪಕ್ಕದಲ್ಲಿ ಬಗ್ಗಿ ನೋಡುತ್ತಿದ್ದ ಗಂಡ ಸಹಾಯ ಮಾಡಲೆಂದು ಕೆನ್ನೆ ಉಬ್ಬಿಸುತ್ತಾರೆ.

"ಊದಬೇಡಿ ಮಾರಾಯ್ರೇ! ಆ ಧೂಳು ಎದೆಗೆ ಹೋದ್ರೆ ವಾಪಸ್ ಬರಲ್ಲ. ಎಷ್ಟು ಸಲ ಹೇಳ್ಬೇಕು?"

ಇಲ್ಲಿ ಎಲ್ಲರ ಬಾಯಲ್ಲೂ ಇವರು ಡ್ರಮ್ಮಕ್ಕ. ಮೊದಲು ಗೇಲಿಗೆ ಇಟ್ಟ ಹೆಸರು, ಈಗ ಗೌರವದ್ದು. ವಾರವಿಡೀ ಬಸ್ ಡಿಪೋದ ಬ್ರೇಕ್ ವಿಭಾಗದಲ್ಲಿ ದುಡಿಯುತ್ತಾರೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಸ್ಪ್ಯಾನರ್ ಮುಟ್ಟಲು ಯಾರೂ ಬಿಟ್ಟಿರಲಿಲ್ಲವಂತೆ. "ಬಿಚ್ಚಿದ ಸಾಮಾನು ತೊಳಿಯಮ್ಮ ಅಂತ ಒಂದು ಡಬ್ಬ ಕೊಟ್ಟು ಕೂರಿಸಿದ್ರು. ತೊಳೀತಾ ತೊಳೀತಾ ಯಾವುದು ಯಾವ ಕಡೆಯಿಂದ ಸವೆಯುತ್ತೆ ಅಂತ ಗೊತ್ತಾಗೋಯ್ತು. ಬ್ರೇಕ್ ಕೆಲಸ ಯಾರಿಗೂ ಬೇಡ, ಮೈಯೆಲ್ಲಾ ಮಸಿ. ನಾನು ಮಾಡ್ತೀನಿ ಅಂದೆ. ಪೀಡೆ ತೊಲಗಿತು ಅಂತ ಕೊಟ್ಬಿಟ್ರು," ಎಂದು, ಮಾತಾಡಿಸಲು ಬಂದ ನಮ್ಮ ಕಡೆ ನೋಡಿ ನಗುತ್ತಾರೆ.

ರಜಾದಿನ ಬಂತೆಂದರೆ ಬಸ್ಸು ಬಿಟ್ಟು ಈ ಹಳದಿ ಕಾರು. ಓಡಿಸುವುದು ಒಡಹುಟ್ಟಿದ ತಂಗಿ. ವಾರವೆಲ್ಲ ಶಾಲೆಯ ವ್ಯಾನ್ ಓಡಿಸುತ್ತಾಳೆ, ಮಕ್ಕಳನ್ನು ಕೂರಿಸಿಕೊಂಡು ಆಮೆ ನಡಿಗೆ. ವೇಗದ ಹಸಿವೆಲ್ಲ ತೀರಿಸಿಕೊಳ್ಳುವುದು ಇಲ್ಲಿ. ಹವ್ಯಾಸಿಗಳ ರೇಸು ಇದು. ಕಾರ್ಖಾನೆಯಿಂದ ಬಂದ ಬ್ರೇಕನ್ನು ಬದಲಿಸುವಂತಿಲ್ಲ. ಹಾಗಾಗಿ ಮುಂದಿನ ಗಾಲಿಗೆ ಡಿಸ್ಕ್, ಹಿಂದಿನ ಗಾಲಿಗೆ ಹಳೇ ಕಾಲದ ಡ್ರಮ್. ಮುಂದಿನದು ಎದುರಿಗೇ ಕಾಣುತ್ತದೆ, ಎಲ್ಲರೂ ಒರೆಸಿ ಹೊಳೆಯಿಸುತ್ತಾರೆ. ಹಿಂದಿನದು ಮುಚ್ಚಿದ ಪಾತ್ರೆ, ಕೈಕೊಡುವವರೆಗೆ ಯಾರಿಗೂ ನೆನಪಾಗುವುದಿಲ್ಲ.

ಆ ಪಾತ್ರೆಯೊಳಗೆ ಕಮಾನಿನಂಥ ಎರಡು ಶೂಗಳಿವೆ. ಪೆಡಲ್ ಒತ್ತಿದಾಗ ಅವು ಹೊರಕ್ಕೆ ಚಾಚಿ ಡ್ರಮ್ಮನ್ನು ಹಿಡಿಯುತ್ತವೆ. ಬಿಗಿ ಹೆಚ್ಚಾದರೆ ಹಿಂದಿನ ಗಾಲಿ ಕಚ್ಚಿಕೊಂಡು ಕಾರು ಗಿರ್ರನೆ ತಿರುಗಿಬಿಡುತ್ತದೆ. ಸಡಿಲವಾದರೆ ಪೆಡಲ್ ಪಾತಾಳಕ್ಕೆ. ಶೂಗೂ ಡ್ರಮ್ಮಿಗೂ ನಡುವಿನ ಅಂತರವನ್ನು ಕಾಯುವುದು ಅಡ್ಜಸ್ಟರ್ ಎಂಬ, ಹಲ್ಲಿನ ಚಕ್ರವಿರುವ ಒಂದು ಪುಟ್ಟ ಸ್ಕ್ರೂ. ಶೂ ಸವೆದಂತೆಲ್ಲ ಬ್ರೇಕ್ ಒತ್ತಿದಾಗ ತಾನೇ ಒಂದೊಂದು ಹಲ್ಲು ತಿರುಗಿ ಶೂಗಳನ್ನು ಡ್ರಮ್ಮಿನ ಹತ್ತಿರಕ್ಕೆ ತಳ್ಳುತ್ತದೆ. ಎಡಗಡೆಯದು ಒಂದು ದಿಕ್ಕಿಗೆ ತಿರುಗಿದರೆ ಉದ್ದವಾಗುತ್ತದೆ, ಬಲಗಡೆಯದು ಇನ್ನೊಂದು ದಿಕ್ಕಿಗೆ.

"ಒಂದು ಕಡೆ ಮುಗಿಸೋ ತನಕ ಇನ್ನೊಂದು ಕಡೆ ಬಿಚ್ಚಬಾರದು," ಎನ್ನುವುದು ಡ್ರಮ್ಮಕ್ಕನ ಕಟ್ಟುನಿಟ್ಟು. "ಎರಡು ಕಡೆ ಸಾಮಾನೂ ಅವಳಿಜವಳಿ ಥರ. ಹೆತ್ತೋಳೂ ಮೋಸ ಹೋಗ್ತಾಳೆ."

ಇಂದು ಆ ಕಟ್ಟುನಿಟ್ಟು ಮುರಿದಿದೆ. ಅವರು ನೀರು ತರಲು ಹೋಗಿ ಬರುವಷ್ಟರಲ್ಲಿ ಗಂಡ ಇನ್ನೊಂದು ಕಡೆಯನ್ನೂ ಬಿಚ್ಚಿ, ಎಲ್ಲವನ್ನೂ ಒಂದೇ ತಟ್ಟೆಗೆ ಸುರಿದು ಕೂತಿದ್ದಾರೆ. ಗಂಡನದು ಕ್ಷೌರದ ಅಂಗಡಿ, ಕೈ ಸುಮ್ಮನಿರುವುದಿಲ್ಲ.

"ನಿಮ್ಮನ್ನ ಯಾರ್ರೀ ಕರೆದ್ರು?"

"ಬೇಗ ಆಗ್ಲಿ ಅಂತ ಕಣೇ."

ಡ್ರಮ್ಮಕ್ಕ ಹಣೆ ಚಚ್ಚಿಕೊಂಡು, ಬೈಯುವುದನ್ನು ಅರ್ಧಕ್ಕೆ ನುಂಗಿ, ಸಾಮಾನು ವಿಂಗಡಿಸಿ ಜೋಡಿಸುತ್ತಾರೆ.

ಇವತ್ತು ಅವರಿಗೆ ಎಂದಿಗಿಂತ ಹೆಚ್ಚು ಕಳವಳ. ಕಳೆದ ವರ್ಷ ಈ ಕಾರಿನ ಕೆಲಸ ಬೇರೆಯವರ ಕೈಲಿತ್ತು. ನೇರ ದಾರಿ ಮುಗಿಯುವ ಕಡೆ ಒಂದು ಕಡಿದಾದ ತಿರುವಿದೆ. ಅಲ್ಲಿ ಬ್ರೇಕ್ ಹಿಡಿಯದೆ ತಂಗಿ ಟೈರ್ ಪೇರಿಸಿದ ಗೋಡೆಗೆ ನುಗ್ಗಿದ್ದಳು. ಭುಜದ ಮೂಳೆ ಕೂಡಿತು, ಕಾಲಿನ ಅಂಜಿಕೆ ಹೋಗಲಿಲ್ಲ. ಆ ತಿರುವು ಬಂದರೆ ಬಹಳ ಮೊದಲೇ ಬ್ರೇಕ್ ತುಳಿಯುತ್ತಾಳೆ, ಹಿಂದಿದ್ದವರೆಲ್ಲ ಮುಂದೆ ಹೋಗುತ್ತಾರೆ. "ಇವತ್ತೂ ಕಾಲು ನಡುಗಿದ್ರೆ ಕಾರು ಮಾರಿಬಿಡ್ತೀನಿ ಅಕ್ಕಾ," ಎಂದು ಬರುವಾಗ ದಾರಿಯಲ್ಲೇ ಹೇಳಿದ್ದಾಳೆ. ಚಿಕ್ಕಂದಿನಿಂದ ಗಾಲಿಯಿದ್ದ ಎಲ್ಲವನ್ನೂ ಓಡಿಸಿದ ಹುಡುಗಿ ಹೀಗೆ ಹೆದರಿ ಬಿಟ್ಟುಬಿಡುತ್ತಾಳಲ್ಲ ಎಂಬ ಕೊರಗು ಅಕ್ಕನಿಗೆ.

ಅಭ್ಯಾಸದ ಸುತ್ತು ಮುಗಿಸಿ ಬಂದ ತಂಗಿಯ ಮುಖ ಸಪ್ಪಗಿದೆ. "ಪೆಡಲ್ ಕೆಳಗೆ ಹೋಗ್ತಿದೆ ಕಣೇ." ಬ್ರೇಕಿನ ಪೈಪಿನಲ್ಲಿ ಗಾಳಿ ಸೇರಿರಬೇಕೆಂದು ಸ್ವಲ್ಪ ಎಣ್ಣೆ ಹೊರಬಿಟ್ಟು ನೋಡಿದರೆ ಒಂದು ಗುಳ್ಳೆಯೂ ಇಲ್ಲ. ರೇಸಿನ ಸೀಟಿ ಊದಿ ಆಗಿದೆ. ಡ್ರಮ್ಮಕ್ಕ ಡ್ರಮ್ಮಿನ ಹಿಂಬದಿಯ ಕಿಂಡಿಯಿಂದ ಸ್ಕ್ರೂಡ್ರೈವರ್ ತೂರಿಸಿ ಅಡ್ಜಸ್ಟರಿನ ಹಲ್ಲನ್ನು ಎಂದಿನ ದಿಕ್ಕಿಗೆ ತಿರುಗಿಸುತ್ತಾರೆ. ಗಾಲಿ ಬಿಗಿಯಾಗುವುದಿಲ್ಲ. ಎದುರು ದಿಕ್ಕಿಗೆ ತಿರುಗಿಸುತ್ತಾರೆ, ಬಿಗಿಯಾಗುತ್ತದೆ. ಇನ್ನೊಂದು ಕಡೆಯೂ ಹಾಗೇ. ಪೆಡಲ್ ಮೇಲೆ ಬರುತ್ತದೆ, ತಂಗಿ ಹೊರಟು ಸಾಲಿನಲ್ಲಿ ನಿಲ್ಲುತ್ತಾಳೆ.

ಕೈ ಒರೆಸಿಕೊಳ್ಳುತ್ತಿದ್ದ ಡ್ರಮ್ಮಕ್ಕನ ಕೈ ನಿಲ್ಲುತ್ತದೆ. ಎದುರು ದಿಕ್ಕಿಗೆ ಯಾಕೆ ಬಿಗಿಯಾಯಿತು? ಎಡಗಡೆಯದು ಬಲಕ್ಕೆ, ಬಲಗಡೆಯದು ಎಡಕ್ಕೆ ಹೋಗಿದೆ. ಇನ್ನು ತಂಗಿ ಬ್ರೇಕ್ ಒತ್ತಿದಂತೆಲ್ಲ ಅದು ಬಿಗಿಯುವ ಬದಲು ಸಡಿಲವಾಗುತ್ತಾ ಹೋಗುತ್ತದೆ.

"ಚಿಕ್ಕ ರೇಸು ಕಣೇ, ತಡ್ಕೊಳ್ಳುತ್ತೆ ಬಿಡು," ಎನ್ನುತ್ತಾರೆ ಗಂಡ. ತಡೆದುಕೊಂಡರೂ ತಡೆದುಕೊಳ್ಳಬಹುದು, ಅದು ಡ್ರಮ್ಮಕ್ಕನಿಗೂ ಗೊತ್ತು. ಈಗ ಹೋಗಿ ಬಾಯಿಬಿಟ್ಟರೆ ತಂಗಿಗೆ ಉಳಿದಿರುವ ಒಂದಿಷ್ಟು ಧೈರ್ಯವೂ ಮಣ್ಣುಪಾಲು, ಕಾರು ಮಾರಿದ ಹಾಗೇ ಲೆಕ್ಕ. ಹೇಳದಿದ್ದರೆ ಎದುರಿಗೆ ಆ ತಿರುವಿದೆ. ಅವರು ಓಡುತ್ತಾರೆ. ಮಂಡಿನೋವಿನ ಹೆಂಗಸು ಟ್ರ್ಯಾಕಿನ ಮೇಲೆ ಏದುಸಿರು ಬಿಡುತ್ತಾ ಓಡುವುದನ್ನು ಎಲ್ಲರೂ ಬಾಯಿ ಬಿಟ್ಟು ನೋಡುತ್ತಾರೆ.

"ಇಳಿಯೇ," ಎನ್ನುತ್ತಾರೆ ಕಿಟಕಿ ಬಡಿದು. "ಅಡ್ಜಸ್ಟರ್ ಅದಲುಬದಲು ಹಾಕಿದೀನಿ. ತಪ್ಪು ನಂದು."

"ಭಾವ ಬಿಚ್ಚಿದ್ದಲ್ವಾ?"

"ಬಿಚ್ಚಿದ್ದು ಅವರು, ಜೋಡಿಸಿದ್ದು ನಾನು. ಇಳಿ ಅಂದ್ರೆ ಇಳಿ."

ಹೆಲ್ಮೆಟ್ಟಿನೊಳಗಿನಿಂದ ತಂಗಿ ಅಕ್ಕನನ್ನೇ ದಿಟ್ಟಿಸುತ್ತಾಳೆ. ಬಳಿಕ ಇಳಿದು ಕಾರು ತಳ್ಳಲು ತಾನೂ ಕೈಹಾಕುತ್ತಾಳೆ. ಸಾಲು ಬಿಟ್ಟು ಬಂದವರು ಉಳಿದವರೆಲ್ಲ ಹೊರಟ ಮೇಲೆ, ಶೆಡ್ಡಿನ ಕಡೆಯಿಂದಲೇ ಹೊರಡಬೇಕೆಂಬುದು ನಿಯಮ. ಡ್ರಮ್ಮಕ್ಕ ಎರಡೂ ಕಡೆಯ ಅಡ್ಜಸ್ಟರ್ ಹೊರತೆಗೆದು, ಅಂಗೈಲಿಟ್ಟು, ತಿರುಗಿಸಿ ತಿರುಗಿಸಿ ನೋಡಿ ಅದರದರ ಕಡೆಗೇ ಹಾಕುತ್ತಾರೆ. ಗಂಡ ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡು ನಿಂತಿದ್ದಾರೆ. ಬೇರೆ ಕಾರುಗಳು ಆಗಲೇ ಸದ್ದು ಮಾಡಿಕೊಂಡು ಹೋಗಿಯಾಗಿವೆ. "ಮುಗೀತು, ಇನ್ನು ನಿನ್ನಿಷ್ಟ," ಎನ್ನುತ್ತಾರೆ ಡ್ರಮ್ಮಕ್ಕ. ತಂಗಿ ಹೋಗುತ್ತಾಳೆ.

ಡ್ರಮ್ಮಕ್ಕ ಬೇಲಿಯ ಪಕ್ಕ ಹೋಗಿ ನಿಲ್ಲುತ್ತಾರೆ. ಮೊದಲ ಸುತ್ತಿನಲ್ಲಿ ತಂಗಿ ಎಂದಿನಂತೆ ಬಲು ಮೊದಲೇ ಬ್ರೇಕ್ ತುಳಿಯುತ್ತಾಳೆ. ಎರಡನೆಯದರಲ್ಲಿ ಇನ್ನಷ್ಟು ತಡೆದು. ಆಮೇಲೊಂದು ಸಲ ಹಳದಿ ಕಾರು ತಿರುವಿನ ತುದಿಯವರೆಗೂ ಬಂದು, ಅಕ್ಕ "ಅಯ್ಯೋ" ಎನ್ನುವಷ್ಟರಲ್ಲಿ ಗಕ್ಕನೆ ವೇಗ ಇಳಿಸಿ, ಒಬ್ಬರನ್ನು ತಿರುವಿನ ಒಳಬದಿಯಿಂದ ಹಿಂದೆ ಹಾಕಿ ಹೋಗಿಬಿಡುತ್ತದೆ. ಗೆಲ್ಲುವ ಮಾತಿಲ್ಲ, ಕೊನೆಯಿಂದ ಹೊರಟವಳು ನಡುವೆಲ್ಲೋ ಮುಗಿಸುತ್ತಾಳೆ.

ಶೆಡ್ಡಿಗೆ ಬಂದ ಕಾರಿನ ಎರಡೂ ಡ್ರಮ್ಮಿನ ಹತ್ತಿರ ಡ್ರಮ್ಮಕ್ಕ ಅಂಗೈ ಹಿಡಿಯುತ್ತಾರೆ. ಎರಡರಲ್ಲೂ ಒಂದೇ ಹದದ ಬಿಸಿ, ಅಂದರೆ ಎರಡೂ ಸಮನಾಗಿ ಹಿಡಿದಿವೆ. ಕಾಲು ನಡುಗಿತಾ ಎಂದು ಕೇಳಬೇಕೆಂದವರು ನೀರಿನ ಬಾಟಲಿ ಚಾಚುತ್ತಾರೆ. ತಂಗಿ ನೀರು ಕುಡಿಯುತ್ತಾಳೆ, ಬೆವರು ಒರೆಸಿಕೊಳ್ಳುತ್ತಾಳೆ, ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾಳೆ.

"ಅಕ್ಕಾ, ಮುಂದಿನ ರೇಸಿಗೆ ಈ ಭಾವನ್ನ ಮನೇಲೇ ಬಿಟ್ಟು ಬಾ."

"ನಾನೇನಮ್ಮ ಮಾಡ್ದೆ, ಒಳ್ಳೇದಕ್ಕೇ ಅಲ್ವಾ..." ಎಂದು ಭಾವ ರಾಗ ಎಳೆಯುತ್ತಾರೆ. ಡ್ರಮ್ಮಕ್ಕನಿಗೆ ಅದೊಂದೂ ಬೇಕಿಲ್ಲ. ಮಸಿಗೈಯಲ್ಲೇ ಕಣ್ಣು ಒರೆಸಿಕೊಂಡು ನಮ್ಮ ಕಡೆ ತಿರುಗುತ್ತಾರೆ.

"ಮುಂದಿನ ರೇಸಿಗೆ ಅಂದ್ಳು. ನಿಮಗೂ ಕೇಳಿಸ್ತಲ್ವಾ?"